ಗೆಂಡೆಯ ಹಲ್ಲು ಗಂಟಲಿಗೆ ಹೋದದ್ದು

ಲೋಕ ಇನ್ನೂ ಹಸಿಯಾಗಿತ್ತು. ಬೆಟ್ಟ ಮುಟ್ಟಿದರೆ ಬೆರಳಿಗೆ ಮಣ್ಣು ಅಂಟುತ್ತಿತ್ತು. ಲೋಕ ಮಾಡಿದಾತ ಕಡಲು ತುಂಬಿಸಿದ, ಹೊಳೆ ಹರಿಸಿದ, ಕೊನೆಗೆ ಕೊಡದಲ್ಲಿ ಮಿಕ್ಕ ನೀರನ್ನು ಒಂದು ತಗ್ಗಿಗೆ ಸುರಿದ. ಸುತ್ತ ಒಂದಿಷ್ಟು ಹುಲ್ಲು ಹರವಿದ, ನಾಲ್ಕು ಮರ ನೆಟ್ಟ, ಕೂರಲು ಚಪ್ಪಟೆ ಕಲ್ಲು ಇಟ್ಟ. ಅಲ್ಲಿಗೆ ಅವನಿಗೂ ಸಾಕಾಗಿತ್ತು.

ಈಗ ಅಂಥ ಜಾಗಕ್ಕೆ ಪಾರ್ಕು ಎಂದು ಹೆಸರಿಟ್ಟು ಗೇಟು ಹಾಕುತ್ತಾರೆ. ಆಗ ಹೆಸರೂ ಇರಲಿಲ್ಲ, ಗೇಟೂ ಇರಲಿಲ್ಲ. ಕೆರೆ ಮಾತ್ರ ಇತ್ತು.

ಹಲ್ಲು ಹಂಚಿದ್ದೂ ಅದೇ ವಾರ. ಹುಲಿಗೆ ಉದ್ದನೆಯವು ಸಿಕ್ಕವು. ಇಲಿಗೆ ಚೂಪಾದವು. ಹಸು ಅವಸರ ಮಾಡಲಿಲ್ಲ, ಮುಂದೆ ಕೆಳಗಿನ ಸಾಲು ಮಾತ್ರ ಸಿಕ್ಕಿತು. ಕೋಳಿ ಬರುವಷ್ಟರಲ್ಲಿ ಬುಟ್ಟಿ ಖಾಲಿ. ಕೆರೆಯ ಗೆಂಡೆ ಮೀನಿಗೆ ಚಿಕ್ಕ, ಚಪ್ಪಟೆ ಹಲ್ಲುಗಳು ಸಿಕ್ಕವು. ತುಟಿಯ ಹಿಂದೆಯೇ ಇದ್ದವು, ಎಲ್ಲರಿಗೂ ಇರುವ ಜಾಗದಲ್ಲಿ.

ಕೆರೆಯ ಪಡುವಣ ದಡದಲ್ಲಿ ಒಂದು ಗುಡಿಸಲಿತ್ತು. ಅದರಲ್ಲಿ ಹೊನ್ನಿ, ಅವಳ ಗಂಡ ಜವರ. ಮಗಳು ಸಾಕಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು.

ರಾಗಿ ಮುದ್ದೆ ಕಂಡುಹಿಡಿದವಳು ಹೊನ್ನಿಯೇ. ಜೊತೆಗೇ ಒಂದು ಕಟ್ಟಳೆಯನ್ನೂ ಮಾಡಿದ್ದಳು. ಮುದ್ದೆಯನ್ನು ಅಗಿಯಕೂಡದು. ಮುರಿ, ಸಾರಿನಲ್ಲಿ ಅದ್ದು, ನುಂಗು. ಅಗಿಯುವವರು ತನ್ನ ಮುದ್ದೆಯಲ್ಲಿ ಕಲ್ಲು ಹುಡುಕುತ್ತಿದ್ದಾರೆ ಎಂದೇ ಅವಳ ತೀರ್ಮಾನ. ಜವರ ಒಮ್ಮೆ ಅಗಿದಿದ್ದ. ಇನ್ನೊಮ್ಮೆ ಅಗಿಯಲಿಲ್ಲ.

ಬೇಸಿಗೆಯ ನಡುವೆ ಸಾಕಿ ಹೆತ್ತಳು. ಹೆಣ್ಣು ಕೂಸು. ಕೂಸಿಗೆ ಹಾಲು ಸಾಲಲಿಲ್ಲ. ಹಸು, ಮೇಕೆ ಇನ್ನೂ ಮನುಷ್ಯರಿಗೆ ಹಾಲು ಕೊಡಲು ಒಪ್ಪಿರಲಿಲ್ಲ, ಮಾತುಕತೆ ನಡೆದಿತ್ತು. ಕೂಸು ಅಳುತ್ತಿತ್ತು. ಆ ಅಳು ಕೆರೆ ದಾಟಿ ಆಚೆ ದಡಕ್ಕೆ ಕೇಳುತ್ತಿತ್ತು.

"ಬಾಣಂತಿಗೆ ಮೀನಿನ ಸಾರು ಉಣ್ಣಿಸಿದ್ರೆ ಹಾಲು ಇಳೀತದೆ," ಅಂದಳು ಹೊನ್ನಿ.

ಮೀನಿನ ಸಾರಿಗೂ ತಾಯಿಯ ಹಾಲಿಗೂ ಏನು ನಂಟು ಎಂದು ಅವಳನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಸೌಟು ಬೀಸಿ ಬರುತ್ತಿತ್ತು.

ಜವರ ಗಾಳ ಮಾಡಿದ. ಒಂದು ಜಾಲಿ ಮುಳ್ಳಿನ ಎರಡೂ ತುದಿ ಚೂಪು ಮಾಡಿ, ನಡುವಿಗೆ ನಾರಿನ ದಾರ ಕಟ್ಟಿದ. ಮೀನು ಅದನ್ನು ನುಂಗಬೇಕು; ದಾರ ಎಳೆದಾಗ ಮುಳ್ಳು ಗಂಟಲಿಗೆ ಅಡ್ಡ ಸಿಕ್ಕಬೇಕು. ನೀರಿನ ಮೇಲೆ ತೇಲಲು ದಾರಕ್ಕೆ ಒಂದು ಬೆಂಡು ಕಟ್ಟಿದ. ಕೆಳಗೆ ಮೀನು ಮುಟ್ಟಿದರೆ ಮೇಲೆ ಬೆಂಡು ಬಾಗುತ್ತದೆ. ಇಷ್ಟನ್ನು ಅವನು ಚೆನ್ನಾಗಿಯೇ ಯೋಚಿಸಿದ್ದ.

ಅಲ್ಲಿಗೆ ಯೋಚನೆ ಮುಗಿದಿತ್ತು. ಮುಷ್ಟಿಗಾತ್ರದ ಮುದ್ದೆಯೊಳಗೆ ಮುಳ್ಳನ್ನು ಹುದುಗಿಸಿ, ಮಧ್ಯಾಹ್ನ ಇಳಿದ ಮೇಲೆ, ಬಿಸಿಲಿಗೆ ಬೆನ್ನು ಮಾಡಿ ದಡದ ಮೇಲೆ ನಿಂತು ಬೀಸಿ ಎಸೆದ. ಮುದ್ದೆ ದುಡುಮ್ಮನೆ ಬಿತ್ತು. ಅವನ ನೆರಳು ಅರ್ಧ ಕೆರೆಗೆ ಬಿತ್ತು. ಮೀನುಗಳೆಲ್ಲ ಇನ್ನರ್ಧಕ್ಕೆ ಹೋದವು.

"ಈ ಕೆರೇಲಿ ಮೀನೇ ಇಲ್ಲ," ಅಂದ ಸಂಜೆಗೆ.

"ಮೀನವೆ ಕಣಯ್ಯ," ಅಂದಳು ಹೊನ್ನಿ. "ಅವುಕ್ಕೆ ಕಣ್ಣೂ ಅವೆ. ಕೊಡಿಲ್ಲಿ ಗಾಳ."

ಹೊನ್ನಿ ಮೊದಲು ಪಡುವಣ ಗಾಳಿಯನ್ನು ಕೇಳಿದಳು. ಗಾಳಿಗೆ ನಿಂತು ಮಾತಾಡಿ ಅಭ್ಯಾಸವಿಲ್ಲ. ಹೋಗುತ್ತಾ ಹೋಗುತ್ತಾ ಹೇಳಿತು.

"ಬೇಸಿಗೇಲಿ ಕೆರೆಗೆ ಉಸಿರು ಕಟ್ಟುತ್ತೆ. ನಾನು ಈ ಕಡೆಯಿಂದ ನೀರನ್ನ ತಳ್ಳಿ ತಳ್ಳಿ ಆ ದಡಕ್ಕೆ ಬಡೀತೀನಲ್ಲ, ಅಲ್ಲಿ ಮೀನಿಗೆ ಉಸಿರಾಡೋಕಾಗುತ್ತೆ. ಹುಳ, ಬೀಜ, ಎಲ್ಲ ತೇಲಿ ಅಲ್ಲಿಗೇ ಸೇರುತ್ತೆ. ಮೂಡಲ ದಡಕ್ಕೆ ಹೋಗು. ಜೊಂಡು ಇರೋ ಕಡೆ. ಹೊತ್ತು ಏರೋಕೆ ಮುಂಚೆ..."

ಉಳಿದದ್ದು ಕೇಳಿಸಲಿಲ್ಲ. ಗಾಳಿ ಆಗಲೇ ಮೂಡಲ ದಡ ಮುಟ್ಟಿತ್ತು.

ಆಮೇಲೆ ಕೊಕ್ಕರೆಯನ್ನು ಕೇಳಿದಳು.

"ಮೀನು ಹಿಡಿಯೋದು ಹೆಂಗಣ್ಣ?"

"ಅಲ್ಲಾಡದೆ ಇರು," ಅಂದಿತು ಕೊಕ್ಕರೆ.

"ಆಮೇಲೆ?"

"ಅಲ್ಲಾಡದೆ ಇರು."

"ಎಷ್ಟೊತ್ತು?"

ಕೊಕ್ಕರೆ ಕತ್ತು ತಿರುಗಿಸಿ ಅವಳನ್ನು ನೋಡಿತು. ಆ ದಿನ ಅದು ಅಲ್ಲಾಡಿದ್ದು ಅದೊಂದೇ ಸಲ.

ಮೊದಲ ಬೆಳಗ್ಗೆ ಹೊನ್ನಿ ಮೂಡಲ ದಡಕ್ಕೆ ಹೋಗಿ ಜೊಂಡಿನ ಹಿಂದೆ ಕುಕ್ಕರುಗಾಲಲ್ಲಿ ಕೂತಳು. ನೆರಳು ನೀರಿಗೆ ಬೀಳದ ಹಾಗೆ ನೋಡಿಕೊಂಡಳು. ಗಟ್ಟಿಯಾಗಿ ನಾದಿದ ಮುದ್ದೆಯನ್ನು ಹುಣಸೆ ಬೀಜದಷ್ಟು ಚೂರು ಮಾಡಿ, ಜೊಂಡಿನ ಅಂಚಿಗೆ ಒಂದೊಂದಾಗಿ ಬಿಟ್ಟಳು. ಒಂದೂ ಸದ್ದಾಗಲಿಲ್ಲ. ಮುಳ್ಳು ಇರಲಿಲ್ಲ. ದಾರ ಇರಲಿಲ್ಲ.

"ಸುಮ್ಕೆ ಸುರೀತಿದ್ದೀಯಲ್ಲಮ್ಮಿ," ಅಂದ ಜವರ, ಹಿಂದಿನಿಂದ. "ಮನೇಲಿ ರಾಗಿ ಅಷ್ಟು ಹೆಚ್ಚಾಗದಾ?"

"ನೆಂಟರನ್ನ ಕರೆದು, ಬಂದ ದಿನವೇ ಕೊರಳಿಗೆ ಕೈ ಹಾಕ್ತಾರಾ? ಮೊದ್ಲು ಉಣ್ಲಿ. ಇದೇ ಜಾಗ, ಇದೇ ಹೊತ್ತು ಅಂತ ಅವುಕ್ಕೆ ಗೊತ್ತಾಗ್ಲಿ. ನೀನು ಕೂತ್ಕೊ. ಕೆಮ್ಮಬೇಡ."

ಸ್ವಲ್ಪ ಹೊತ್ತಿಗೆ ಜೊಂಡಿನ ಬುಡದಿಂದ ಗುಳ್ಳೆಗಳು ಎದ್ದವು. ಒಂದು ದೊಡ್ಡ ಗೆಂಡೆ ಬಂದಿದ್ದಳು. ಜೊಂಡಿನ ಬೇರುಗಳ ನಡುವೆ ಅವಳ ಮರಿಗಳಿದ್ದವು, ಬೆರಳುದ್ದ. ಕೆರೆ ಬತ್ತುತ್ತಿತ್ತು, ಪಾಚಿ ಒಣಗಿತ್ತು, ಅವಳಿಗೆ ಹಸಿವಾಗಿತ್ತು. ಒಂದು ಚೂರು ಬಾಯಿಗೆ ಹಾಕಿಕೊಂಡು ಜಗಿದಳು. ಹಸಿದವರು ಜಗಿಯುವುದು ದೂರದವರೆಗೂ ಕೇಳುತ್ತದೆ.

"ಯಾರೇ ಅದು, ನನ್ನ ಮುದ್ದೆ ಅಗೀತಿರೋಳು?" ಅಂದಳು ಹೊನ್ನಿ.

ಗೆಂಡೆ ಬೆಚ್ಚಿದಳು. "ನಾನು ಹೊನ್ನಕ್ಕ. ಗೆಂಡೆ."

"ಕಲ್ಲು ಹುಡುಕ್ತಿದ್ದೀಯಾ?"

"ಅಯ್ಯೋ, ಇಲ್ಲ ಕಣಕ್ಕ. ಹಲ್ಲಿದೆಯಲ್ಲ, ಅದಕ್ಕೇ ಅಗಿದೆ."

"ಹಲ್ಲು ನಂಗೂ ಅವೆ. ಮುದ್ದೆ ಮುಂದೆ ಕೂತಾಗ ಅವನ್ನ ಸುಮ್ನೆ ಇರಿಸ್ತೀನಿ. ನುಂಗೋದು ಕಲಿ."

ನುಂಗುವ ಮೀನಿಗಷ್ಟೇ ಜವರನ ಮುಳ್ಳು ಸಿಕ್ಕುವುದು ಎಂದು ಹೊನ್ನಿಗೆ ಗೊತ್ತಿತ್ತು. ಮುದ್ದೆ ಅಗಿಯುವವರ ಮೇಲೆ ಅವಳ ಸಿಟ್ಟೂ ಅಷ್ಟೇ ನಿಜ. ಎರಡು ಕೆಲಸ ಒಂದೇ ಮಾತಿನಲ್ಲಿ ಮುಗಿದಿತ್ತು.

ಗೆಂಡೆ ಮಾನವಂತೆ. ಉಂಡ ಮನೆಯವರಿಗೆ ಬೇಸರವಾಯಿತಲ್ಲ ಎಂದು ಆ ದಿನವೆಲ್ಲ ಕೆಸರಿನಲ್ಲಿ ಕೂತು ಕೊರಗಿದಳು. ಆಮೇಲೆ ಹಲ್ಲುಗಳಿಗೆ ಹೇಳಿದಳು: "ನೀವು ಮುಂದೆ ಇದ್ರೆ ನನ್ನ ಮರ್ಯಾದೆ ಉಳಿಯಲ್ಲ. ಹಿಂದಕ್ಕೆ ಹೋಗಿ."

ಎರಡನೆಯ ಬೆಳಗ್ಗೆ ಹಲ್ಲುಗಳು ಕೆನ್ನೆಯವರೆಗೆ ಹೋಗಿದ್ದವು. ಗೆಂಡೆ ಮುದ್ದೆಯ ಚೂರು ತಗೊಂಡಳು. ಹಲ್ಲು ಕಟಕ್ಕೆಂದಿತು.

"ಕೇಳಿಸ್ತು," ಅಂದಳು ಹೊನ್ನಿ.

"ಇನ್ನೂ ಹಿಂದಕ್ಕೆ ಹೋಗಿ," ಅಂದಳು ಗೆಂಡೆ.

ಮೂರನೆಯ ಬೆಳಗ್ಗೆ ನಾಲಿಗೆಯ ಬುಡಕ್ಕೆ ಹೋಗಿದ್ದವು. ಆದರೂ ಕಟಕ್ಕೆಂದಿತು.

"ಕೇಳಿಸ್ತು," ಅಂದಳು ಹೊನ್ನಿ.

"ಇನ್ನೂ ಹಿಂದಕ್ಕೆ ಹೋಗಿ," ಅಂದಳು ಗೆಂಡೆ.

ನಾಲ್ಕನೆಯ ಬೆಳಗ್ಗೆ ಕಟಕ್ಕೆಂದದ್ದು ಹೊನ್ನಿಗೆ ಅಷ್ಟಾಗಿ ಕೇಳಲಿಲ್ಲ. ಆ ಹೊತ್ತಿಗೆ ಪಡುವಣ ಗಾಳಿ ಬಂತು. ದಿನವೂ ಅದು ಗುಡಿಸಲಿನಿಂದ ಕೂಸಿನ ಅಳುವನ್ನು ಹೊತ್ತು ತರುತ್ತಿತ್ತು. ಆ ದಿನ ಕಿವಿಗೊಟ್ಟು ಕೇಳಬೇಕಾಯಿತು.

"ಇವತ್ತು ಅತ್ತಿದ್ದು ಕಡಿಮೆಯಾ?" ಅಂದ ಜವರ, ನೆಮ್ಮದಿಯಿಂದ.

"ಅಳೋಕೆ ಶಕ್ತಿ ಕಡಿಮೆ," ಅಂದಳು ಹೊನ್ನಿ.



ಐದನೆಯ ಬೆಳಗ್ಗೆ ಗೆಂಡೆ ನೀರಿನ ಮೇಲೆ ಬಂದು ಬಾಯಿ ಅಗಲಿಸಿ ತೋರಿಸಿದಳು. ಬಾಯಿಯಲ್ಲಿ ಒಂದೂ ಹಲ್ಲಿಲ್ಲ. ನುಣುಪಾದ ಎರಡು ತುಟಿ ಮಾತ್ರ. ಹೊನ್ನಿ ಬಗ್ಗಿ ನೋಡಿದಳು. ಗಂಟಲಿನ ಕತ್ತಲು ಕಂಡಿತು. ಅದರಾಚೆ ನೋಡಲಿಲ್ಲ.

"ಈಗ ಸರಿ," ಅಂದಳು. ಒಂದು ಚೂರು ಬಿಟ್ಟಳು. ಗೆಂಡೆ ನುಂಗಿದಳು. ಒಂದಿಷ್ಟೂ ಸದ್ದಿಲ್ಲ.

ಆರನೆಯ ಬೆಳಗ್ಗೆ ಹೊನ್ನಿ ಎಂದಿನ ಜಾಗದಲ್ಲಿ, ಎಂದಿನ ಹೊತ್ತಿಗೆ ಕೂತಳು. ಎಂದಿನಂತೆ ಚೂರುಗಳನ್ನು ಬಿಟ್ಟಳು. ಅವುಗಳ ನಡುವೆ ಇನ್ನೊಂದು ಚೂರು. ಅದರೊಳಗೆ ಎರಡು ಮೊನೆಯ ಮುಳ್ಳು.

ಗೆಂಡೆ ಬಂದಳು. ಒಂದು ನುಂಗಿದಳು. ಎರಡು ನುಂಗಿದಳು. ಮೂರನೆಯದನ್ನೂ ನುಂಗಿದಳು. ಬೆಂಡು ನೀರೊಳಗೆ ಹೋಯಿತು. ಹೊನ್ನಿ ಎಳೆದಳು.

ಮುಳ್ಳು ಗಂಟಲಲ್ಲಿ ಅಡ್ಡ ತಿರುಗಿತು. ಅಲ್ಲಿ ಗೆಂಡೆಯ ಹಲ್ಲುಗಳೆಲ್ಲ ಕೂತಿದ್ದವು, ಐದು ದಿನದಿಂದ ಸರಿಯಾಗಿ ಕೆಲಸವಿಲ್ಲದೆ. ಸಿಕ್ಕಿದ್ದನ್ನು ಅವು ಬಿಡಲಿಲ್ಲ. ಲಟಕ್ ಎಂದಿತು. ಮುಳ್ಳು ಎರಡು ತುಂಡಾಯಿತು. ಗೆಂಡೆ ಮುದ್ದೆಯನ್ನೂ ಮುಳ್ಳನ್ನೂ ಥೂ ಎಂದು ಉಗಿದಳು. ಉಗಿಯುವಾಗ ಮುಳ್ಳಿನ ಎರಡು ಸೀಳು ತುಟಿಯ ಎರಡು ತುದಿಗೆ ಚುಚ್ಚಿಕೊಂಡು, ಅಲ್ಲೇ ಉಳಿದು, ನೆನೆದು ಮೆತ್ತಗಾದವು ಎನ್ನುತ್ತಾರೆ. ಗೆಂಡೆಯ ಮೀಸೆ ಅವೇ ಅಂತೆ. ಇರಬಹುದು. ಮೀಸೆಯಂತೂ ಇದೆ.

ಬರಿಯ ದಾರ ಹಾರಿ ಬಂದು ಜವರನ ಮೂಗಿಗೆ ಬಡಿಯಿತು.

ಗೆಂಡೆ ನೀರಿನ ಮೇಲೆ ಬಂದಳು. ಸಿಟ್ಟಿಗಿಂತ ಅಚ್ಚರಿಯೇ ಹೆಚ್ಚಾಗಿತ್ತು.

"ಹೊನ್ನಕ್ಕ, ನಿನ್ನ ಮುದ್ದೇಲಿ ಮುಳ್ಳಿತ್ತು."

ಲೋಕದಲ್ಲಿ ಯಾರೂ ಹೊನ್ನಿಗೆ ಅದುವರೆಗೆ ಅಂಥ ಮಾತು ಹೇಳಿರಲಿಲ್ಲ. ಅವಳ ಕಿವಿ ಕೆಂಪಾಯಿತು. ಜವರ ಕೆರೆಯ ಕಡೆಗೆ ಬೆನ್ನು ಮಾಡಿ ಕೂತ. ಅವನ ಹೆಗಲು ಕುಲುಕುತ್ತಿತ್ತು.

"ಇತ್ತು," ಅಂದಳು ಹೊನ್ನಿ. "ನಾನೇ ಇಟ್ಟೆ. ಮಗಳು ಹೆತ್ತವಳೆ. ಹಾಲು ಸಾಲ್ದು. ನಿನ್ನ ಸಾರು ಬೇಕಿತ್ತು."

"ಕೇಳಬಹುದಿತ್ತಲ್ಲ."

"ಕೇಳಿದ್ರೆ ಬರ್ತಿದ್ಯಾ?"

ಗೆಂಡೆ ಯೋಚಿಸಿದಳು. "ಇಲ್ಲ."

"ಮತ್ತೆ?"

"ಮತ್ತೇನಿಲ್ಲ," ಅಂದಳು ಗೆಂಡೆ. "ನಂಗೂ ಹಸಿವು. ಜೊಂಡಲ್ಲಿ ಮರಿಗಳವೆ. ಈ ಬೇಸಿಗೇಲಿ ನಿನ್ನ ಮುದ್ದೆ ಬಿಟ್ರೆ ಇಲ್ಲಿ ತಿನ್ನೋಕೆ ಏನೂ ಇಲ್ಲ. ನಾಳೆಯೂ ಬರ್ತೀನಿ."

"ನಾನೂ ಬರ್ತೀನಿ."

"ಮುಳ್ಳು ತರ್ತೀಯಾ?"

"ತರ್ತೀನಿ."

"ಸರಿ," ಅಂದಳು ಗೆಂಡೆ.

ಆಮೇಲೆ ಅವಳು ಜೊಂಡಿನ ಕಡೆ ತಿರುಗಿ ಮರಿಗಳನ್ನು ಕರೆದಳು. ಗುಟ್ಟಾಗಿ ಹೇಳಲಿಲ್ಲ. ಹೊನ್ನಿ ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ ಎಂಬಂತೆಯೇ ಹೇಳಿದಳು.

"ನೋಡ್ರೋ, ನಮಗೆ ಕೈಯಿಲ್ಲ. ಮುಟ್ಟಿ ನೋಡೋಕೆ ಬಾಯೇ ಗತಿ. ಮುದ್ದೆ ಕಂಡ್ರೆ ತುಟಿಯಿಂದ ಸುರ್ ಅಂತ ಒಳಕ್ಕೆ ಎಳ್ಕೊಳ್ಳಿ. ತಕ್ಷಣ ಉಗೀರಿ. ಮತ್ತೆ ಎಳ್ಕೊಳ್ಳಿ. ಮತ್ತೆ ಉಗೀರಿ. ಏನೂ ಚುಚ್ಚದೆ ಇದ್ರೆ ಮೂರನೇ ಸಲ ತಗೊಳ್ಳಿ. ಅಗಿಯೋದು ಗಂಟಲಲ್ಲಿ. ಮೇಲೆ ಕೂತವರಿಗೆ ಕೇಳಿಸಬಾರದು."

ಅಷ್ಟಾದರೂ ಅಗಿಯುವುದು ಕೇಳಿಸಬಾರದು ಎಂಬುದನ್ನು ಅವಳು ಬಿಡಲಿಲ್ಲ. ಕಲಿತ ಮರ್ಯಾದೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಹೊನ್ನಿ ಗುಡಿಸಲಿಗೆ ಹೋಗಿ ಬರಿಯ ದಾರವನ್ನು ಮುಂದಿಟ್ಟುಕೊಂಡು ಕೂತಳು. ನುಂಗಿಸುವ ಮುಳ್ಳಿನಿಂದ ಇನ್ನು ಉಪಯೋಗವಿಲ್ಲ, ಗಂಟಲಲ್ಲಿ ಹಲ್ಲಿದೆ. ಹಲ್ಲನ್ನು ಅಲ್ಲಿಗೆ ಕಳಿಸಿದವಳು ತಾನೇ. ಆದರೆ ಈಗ ತುಟಿಯಲ್ಲಿ ಹಲ್ಲಿಲ್ಲ. ತುಟಿಗೆ ಸಿಕ್ಕಿದ್ದನ್ನು ಗೆಂಡೆ ಮುರಿಯಲಾರಳು.

ಒಂದು ಜಾಲಿ ಮುಳ್ಳನ್ನು ಕಡ್ಡಿಯ ಸಮೇತ ಕಿತ್ತು, ಕೊಕ್ಕೆಯ ಹಾಗೆ ಕೆತ್ತಿದಳು. ಇದನ್ನು ಮೀನು ನುಂಗಬೇಕಿಲ್ಲ. ಬಾಯೊಳಗೆ ಇದ್ದಾಗ ಎಳೆದರೆ ಸಾಕು. ಎಳೆಯುವ ಹೊತ್ತು ಮಾತ್ರ ತಪ್ಪಬಾರದು.

ಏಳನೆಯ ಬೆಳಗ್ಗೆ ಬೆಂಡು ಬಾಗಿತು.

"ಎಳಿ!" ಅಂದ ಜವರ.

ಹೊನ್ನಿ ಎಳೆದಳು. ಗೆಂಡೆ ಆಗಲೇ ಉಗಿದಿದ್ದಳು. ಕೊಕ್ಕೆ ಬರಿದಾಗಿ ಬಂತು.

"ಬೇಗ ಆಯ್ತು ಹೊನ್ನಕ್ಕ," ಎಂದಿತು ನೀರಿನೊಳಗಿನ ದನಿ.

ಎಂಟನೆಯ ಬೆಳಗ್ಗೆ ಬೆಂಡು ಬಾಗಿ ಎದ್ದಿತು. ಮತ್ತೆ ಬಾಗಿ ಎದ್ದಿತು. ಹೊನ್ನಿ ಕಾದಳು. ಬೆಂಡು ನಿಧಾನವಾಗಿ ಪಕ್ಕಕ್ಕೆ ಸರಿಯಿತು. ಅವಳು ಇನ್ನೂ ಒಂದು ಉಸಿರು ಕಾದಳು. ಆ ಒಂದು ಉಸಿರು ಹೆಚ್ಚಾಯಿತು. ಗೆಂಡೆ ಮುದ್ದೆಯನ್ನು ಸುಲಿದು ತಿಂದು ಕೊಕ್ಕೆಯನ್ನು ಬಿಟ್ಟಿದ್ದಳು.

"ತಡ ಆಯ್ತು," ಎಂದಿತು ದನಿ. ಅದರಲ್ಲಿ ಅಣಕವಿರಲಿಲ್ಲ. ಆಟದ ಲೆಕ್ಕ ಹೇಳಿದ ಹಾಗಿತ್ತು.

"ಸಾಕು ಬಾರಮ್ಮಿ," ಅಂದ ಜವರ. "ಅದು ನಿನಗೆ ಸಿಕ್ಕೋ ಮೀನಲ್ಲ. ಬೇರೆ ಏನಾದ್ರೂ ನೋಡುವ."

"ಬೇರೆ ಏನದೆ?"

ಜವರ ಸುತ್ತ ನೋಡಿದ. ಲೋಕ ಹೊಸದು. ಬೇರೆ ಏನೂ ಇರಲಿಲ್ಲ.

ಒಂಬತ್ತನೆಯ ಬೆಳಗ್ಗೆ ಗಾಳಿ ಬರಿಗೈಯಲ್ಲಿ ಬಂತು.

"ಕೂಸು?" ಅಂದಳು ಹೊನ್ನಿ.

"ಅಳ್ತಾ ಇದೆ," ಅಂದಿತು ಗಾಳಿ. "ಬಾಗಿಲವರೆಗೂ ಬರ್ತಿಲ್ಲ. ಇಲ್ಲೀತನಕ ತರೋಕೆ ಏನೂ ಸಿಗಲಿಲ್ಲ." ಆ ದಿನ ಅದು ಮುಂದಕ್ಕೆ ಹೋಗಲಿಲ್ಲ. ಮೊದಲ ಸಲ ಒಂದು ಜಾಗದಲ್ಲಿ ನಿಂತಿತು. ನೀರು ನುಣ್ಣಗಾಯಿತು.

ಹೊನ್ನಿ ಚೂರುಗಳನ್ನು ಬಿಟ್ಟಳು. ಅವುಗಳ ನಡುವೆ ಕೊಕ್ಕೆಯದನ್ನೂ ಬಿಟ್ಟಳು. ಕೊಕ್ಕರೆ ಹೇಳಿದ್ದನ್ನು ಮಾಡಿದಳು. ಅಲ್ಲಾಡಲಿಲ್ಲ. ಒಂದು ನೊಣ ಮೂಗಿನ ಮೇಲೆ ಕೂತಿತು. ಅಲ್ಲಾಡಲಿಲ್ಲ. ಕಾಲು ಜೋಮು ಹಿಡಿಯಿತು. ಅಲ್ಲಾಡಲಿಲ್ಲ.

ಬೆಂಡು ಬಾಗಿತು. ಎದ್ದಿತು.

ಜವರ ಬಾಯಿ ತೆರೆದ. ಮುಚ್ಚಿಕೊಂಡ. ಒಂಬತ್ತು ದಿನಗಳಲ್ಲಿ ಅವನು ಮಾಡಿದ ದೊಡ್ಡ ಸಹಾಯ ಅದು.

ಬೆಂಡು ಬಾಗಿತು. ಎದ್ದಿತು.

ಹೊನ್ನಿಯ ಬೆರಳುಗಳು ದಾರದ ಮೇಲಿದ್ದವು. ಕಣ್ಣು ಬೆಂಡಿನ ಮೇಲಿತ್ತು. ಬೆಂಡು ಈ ಸಲ ಬಾಗಲಿಲ್ಲ. ಪಕ್ಕಕ್ಕೆ, ಒಂದು ಕಾಳಿನಷ್ಟು, ಸರಿಯಿತು.

ಹೊನ್ನಿ ಎಳೆದಳು.

ದಾರ ಬಿಗಿಯಾಯಿತು. ಜೊಂಡು ಅಲುಗಿತು, ಕೆಸರೆದ್ದಿತು, ಜವರ ಹೊನ್ನಿಯ ಸೊಂಟ ಹಿಡಿದುಕೊಂಡ, ಇಬ್ಬರೂ ಮೊಣಕಾಲಿನವರೆಗೆ ನೀರಿಗಿಳಿದರು. ಎಷ್ಟೋ ಹೊತ್ತಿನ ಮೇಲೆ ಗೆಂಡೆ ಹುಲ್ಲಿನ ಮೇಲೆ ಮಲಗಿದ್ದಳು. ಅವಳ ಹೊಟ್ಟೆ ಬಂಗಾರದ ಬಣ್ಣಕ್ಕಿತ್ತು.

"ಸರಿಯಾದ ಹೊತ್ತಿಗೆ ಎಳೆದೆ," ಅಂದಳು ಗೆಂಡೆ.

"ಎಳೆದೆ," ಅಂದಳು ಹೊನ್ನಿ. ಅವಳಿಗೆ ಉಸಿರು ಸಾಲುತ್ತಿರಲಿಲ್ಲ.

"ಮುದ್ದೆ ಚೆನ್ನಾಗಿತ್ತು ಕಣಕ್ಕ. ಒಂಬತ್ತು ದಿನವೂ."

"ಅಗಿದ್ಯಾ?"

"ಅಗಿದೆ," ಅಂದಳು ಗೆಂಡೆ. "ಗಂಟಲಲ್ಲಿ."

ಹೊನ್ನಿ ಸೆರಗಿನ ಗಂಟಿನಲ್ಲಿ ಉಳಿದಿದ್ದ ಮುದ್ದೆಯನ್ನೆಲ್ಲ ತೆಗೆದು, ಚೂರು ಮಾಡಿ, ಜೊಂಡಿನ ಬುಡಕ್ಕೆ ಹಾಕಿದಳು. ಮುಳ್ಳಿಲ್ಲದ್ದು. ಗೆಂಡೆ ಅದನ್ನು ನೋಡಿದಳು. ಬೆರಳುದ್ದದ ಮರಿಗಳು ಒಂದೊಂದಾಗಿ ಬಂದವು. ಒಳಕ್ಕೆ ಎಳೆದುಕೊಂಡವು, ಉಗಿದವು. ಎಳೆದುಕೊಂಡವು, ಉಗಿದವು. ಮೂರನೆಯ ಸಲ ತಗೊಂಡವು. ಒಂದು ಮರಿಯೂ ತಪ್ಪಲಿಲ್ಲ. ಅಷ್ಟನ್ನು ನೋಡಿ ಗೆಂಡೆ ಸುಮ್ಮನಾದಳು.

ಆ ಮಧ್ಯಾಹ್ನ ಗುಡಿಸಲಿನಲ್ಲಿ ಸಾರು ಕುದಿಯಿತು. ಮೀನು ಸೀಳುವಾಗ ಹೊನ್ನಿಗೆ ಗಂಟಲಲ್ಲಿ ಹಲ್ಲುಗಳು ಸಿಕ್ಕವು, ಚಿಕ್ಕವು, ಚಪ್ಪಟೆಯವು. ಅವನ್ನು ಅಂಗೈಯಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದಳು. ಸಾಕಿ ಎರಡು ಮುದ್ದೆ ಉಂಡಳು. ಸಾರಿನಿಂದಲೋ, ಹೊಟ್ಟೆ ತುಂಬಿದ್ದರಿಂದಲೋ, ಸಂಜೆಗೆ ಹಾಲು ಇಳಿಯಿತು. ಮರುದಿನ ಕೂಸು ಹಸಿವಾದಾಗ ಅತ್ತ ಅಳು ಕೆರೆ ದಾಟಿ, ಜೊಂಡು ದಾಟಿ, ಆಚೆ ದಡದ ಕೊಕ್ಕರೆಗೆ ಕೇಳಿ, ಕೊಕ್ಕರೆ ಬೇರೆ ಕಡೆ ಹಾರಿಹೋಯಿತು.

ಗೆಂಡೆಯ ಮರಿಗಳು ಬೆಳೆದವು. ಅವುಗಳ ಮರಿಗಳೂ ಬೆಳೆದವು. ಕೆರೆಗೆ ಬೇಲಿ ಬಂತು, ಬೆಂಚು ಬಂತು, ಗೇಟಿನಲ್ಲಿ ಚೀಟಿ ಹರಿಯುವವನು ಬಂದ. ಅವು ಪಾಠ ಮರೆಯಲಿಲ್ಲ.

ಅದಕ್ಕೇ ಇವತ್ತಿಗೂ ಬೇಸಿಗೆಯ ಬೆಳಗ್ಗೆ ಪಾರ್ಕಿನ ಕೆರೆಯಲ್ಲಿ, ಗಾಳಿ ಬಡಿಯುವ ದಡದಲ್ಲಿ ನೀನು ಮುದ್ದೆಯ ಗಾಳ ಬಿಟ್ಟು ಕೂತರೆ, ಬೆಂಡು ಎರಡು ಸಲ ಸುಮ್ಮನೆ ಬಾಗಿ ಏಳುತ್ತದೆ. ಆಮೇಲೆ ಎಳೆದು, ಸಿಕ್ಕಿದ ಗೆಂಡೆಯ ಬಾಯಿ ಬಿಡಿಸಿ ನೋಡಿದರೆ ಒಂದೂ ಹಲ್ಲು ಕಾಣುವುದಿಲ್ಲ, ಏಕೆಂದರೆ ಅವೆಲ್ಲ ಗಂಟಲಲ್ಲಿ, ಹೊನ್ನಿಗೆ ಕೇಳಿಸದಷ್ಟು ಒಳಗೆ, ಇನ್ನೂ ಮರ್ಯಾದೆಯಿಂದ ಕೂತಿವೆ.